ನಂದಿ ಕಾರಿನ ವಿಭೂತಿ

"ಅಕ್ಕಾ! ಭಾವಾ! ಎಲ್ರೂ ಹೊರಗೆ ಬರ್ರಿ! ಚಪ್ಪಲಿ ಹಾಕ್ಕೊಂಡು ಬರ್ರಿ, ಬರಿಗಾಲಲ್ಲಿ ಬಂದು ಏನಾದ್ರೂ ಆದ್ರೆ ನಾನು ಜವಾಬ್ದಾರ ಅಲ್ಲ!"

ಮರುಳಸಿದ್ಧ ಹೀಗೆ ಕೂಗಿದನೆಂದರೆ ಸಾಕು, ಚಿತ್ರದುರ್ಗದ ಗಾಡಿಖಾನೆ ಬೀದಿಯ ಹೆಂಗಸರು ಒಣಗಲು ಹಾಕಿದ ಬಟ್ಟೆ ಎತ್ತಿಕೊಂಡು ಒಳಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಿದ್ದರು. ಅವರದೇನೂ ತಪ್ಪಿಲ್ಲ. ಹಿಂದೊಮ್ಮೆ ಹೀಗೇ ಕೂಗಿ ಸೊಳ್ಳೆ ಓಡಿಸುವ ಯಂತ್ರ ತೋರಿಸಿದ್ದ. ಸೊಳ್ಳೆಗಳು ಇದ್ದಲ್ಲೇ ಇದ್ದವು, ಊರಿನ ಕತ್ತೆಗಳೆಲ್ಲ ಬಂದು ಗೇಟಿನ ಮುಂದೆ ಸಾಲಾಗಿ ನಿಂತುಬಿಟ್ಟವು! ಇನ್ನೊಮ್ಮೆ ಮಾತಾಡುವ ಕರೆಗಂಟೆ ಮಾಡಿದ್ದ. ಅದು ಮನೆ ಯಜಮಾನ ರುದ್ರಪ್ಪನ ಸ್ವಂತ ಅಣ್ಣನಿಗೇ "ಇಲ್ಲಿ ಯಾರೂ ಇಲ್ಲ, ಮುಂದಿನ ಮನೆ ನೋಡಿಕೊಳ್ಳಿ" ಎಂದು ಹೇಳಿ ಕಳಿಸಿತ್ತು. ಆ ಅಣ್ಣ ಇವತ್ತಿಗೂ ಮಾತು ಬಿಟ್ಟಿದ್ದಾನೆ.

ಸಿದ್ಧ ಗಂಗಮ್ಮನ ಒಬ್ಬನೇ ತಮ್ಮ. ಪಾಲಿಟೆಕ್ನಿಕ್ಕಿನಲ್ಲಿ ಲ್ಯಾಬ್ ನೋಡಿಕೊಳ್ಳುವ ಕೆಲಸ. ಮದುವೆಯ ಮಾತೆತ್ತಿದರೆ ಓಡಿಹೋಗುತ್ತಿದ್ದ. ಅಕ್ಕನ ಮನೆಯ ಮಹಡಿ ಕೋಣೆಯಲ್ಲಿ ಠಿಕಾಣಿ ಹೂಡಿ, ಕೆಳಗಿನ ಅಡುಗೆಮನೆಯಿಂದ ಒಂದೊಂದೇ ಪಾತ್ರೆ ಮೇಲಕ್ಕೆ ಸಾಗಿಸಿ, ಅದನ್ನು ವಿಜ್ಞಾನ ಮಾಡಿ ಕೆಳಗೆ ತರುತ್ತಿದ್ದ. ಆ ಬುಧವಾರ ಬೆಳಿಗ್ಗೆ ಗಂಗಮ್ಮ ಕೈ ಒರೆಸಿಕೊಳ್ಳುತ್ತ ಹೊರಗೆ ಬಂದು ನೋಡಿದರೆ, ಅಂಗಳದಲ್ಲಿ ನಿಂತ ಕಾರಿನ ಮೇಲೆ ತಾಮ್ರದ ತಂತಿ ಸುತ್ತಿದ ಹಳೆಯ ಕೊಡೆಯೊಂದು ಬಿಚ್ಚಿಕೊಂಡಿತ್ತು. ಅದರ ಕೆಳಗೆ ಗೋಡೆ ಗಡಿಯಾರದ ಮುಳ್ಳು ಅಂಟಿಸಿಕೊಂಡ ದೊಡ್ಡ ಪಾತ್ರೆಯೊಂದು ಗುಂಯ್ ಎನ್ನುತ್ತಿತ್ತು.

"ಲೇ, ಅದು ನನ್ನ ಇಡ್ಲಿ ಪಾತ್ರೆ ಅಲ್ವೇನೋ!"

"ಆಗಿತ್ತಕ್ಕ. ಈಗ ಅಲ್ಲ. ಈಗ ಇದು ಚಾರ್ಜ್ ಮರಳಿ ಯಂತ್ರ!"

"ಹಂಗಾದ್ರೆ ನಾಳೆ ತಿಂಡಿ ಏನು, ಚಾರ್ಜಾ?" ಎನ್ನುತ್ತ ರುದ್ರಪ್ಪ ಹೊಸಿಲು ದಾಟಿ ಬಂದ. ರುದ್ರಪ್ಪನಿಗೆ ಸಂತೆ ಬೀದಿಯಲ್ಲಿ ಪೈಪು, ಮೊಳೆ, ಬೀಗ ಮಾರುವ ಅಂಗಡಿ. ಅಂಗಡಿಗಿಂತ ಅವನಿಗೆ ಹೆಚ್ಚಿನ ಹೆಮ್ಮೆ ತಲೆಗೂದಲಿನ ಮೇಲೆ. ಅರವತ್ತರ ಹತ್ತಿರ ಬಂದರೂ ಹುಡುಗರಿಗಿರುವಂಥ ದಟ್ಟ ಕೂದಲು! ಜೇಬಿನಲ್ಲಿ ಹಣವಿಲ್ಲದೆ ಹೊರಗೆ ಹೋದಾನು, ಬಾಚಣಿಗೆ ಇಲ್ಲದೆ ಹೋಗುತ್ತಿರಲಿಲ್ಲ. ಈಗಲೂ ಒಮ್ಮೆ ಬಾಚಿಕೊಂಡೇ ಮುಂದಿನ ಮಾತಾಡಿದ. "ಸಿದ್ಧ, ಏನು ಬೇಕಾದ್ರೂ ಮಾಡ್ಕೊ. ಸಂಜೆ ದಸ್ತಗೀರ್ ಲಾರಿ ತರ್ತಾನೆ. ಅಷ್ಟರೊಳಗೆ ಈ ಗಾಡಿ ತಾನಾಗಿ ಸ್ಟಾರ್ಟ್ ಆದ್ರೆ ಇಲ್ಲಿರುತ್ತೆ. ಇಲ್ಲಾಂದ್ರೆ ಗುಜರಿಗೆ. ಇನ್ನು ನನ್ನ ಹತ್ರ ಮಾತಿಲ್ಲ."

ಗಂಗಮ್ಮ ಓಡಿಹೋಗಿ ಕಾರಿನ ಬಾನೆಟ್ಟಿನ ಮೇಲೆ ಕೈಯಿಟ್ಟಳು. ದಸ್ತಗೀರ್ ನಿನ್ನೆಯೇ ಬರಬೇಕಿತ್ತು. ಮಂಗಳವಾರ ಮನೆಯಿಂದ ಏನನ್ನೂ ಹೊರಗೆ ಕಳಿಸಬಾರದು ಎಂದು ಅತ್ತು ಕರೆದು ಅವಳೇ ಒಂದು ದಿನ ಉಳಿಸಿಕೊಂಡಿದ್ದಳು.

ಆ ಕಾರು ಅವಳ ಅಪ್ಪನದು. ತಾಲ್ಲೂಕು ಆಸ್ಪತ್ರೆಯಲ್ಲಿ ಕಾಂಪೌಂಡರ್ ಆಗಿದ್ದ ವೀರಭದ್ರಪ್ಪ ಹೊಟ್ಟೆಬಟ್ಟೆ ಕಟ್ಟಿ ಕೊಂಡಿದ್ದ ಗಾಡಿ. ಬೆಳ್ಳಗೆ, ಗುಂಡಗೆ, ಕೂತಲ್ಲೇ ಮೆಲುಕು ಹಾಕುವಂತೆ ಕಾಣುತ್ತಿದ್ದ ಅದಕ್ಕೆ ನಂದಿ ಎಂದು ಹೆಸರಿಟ್ಟವನೂ ಅವನೇ. ಗಂಗಮ್ಮ ಸ್ಟೀರಿಂಗ್ ಹಿಡಿದು ಕಲಿತದ್ದು ಅದರಲ್ಲೇ. ಅಪ್ಪ ಹೋದಮೇಲೆ ನಂದಿ ಅವಳ ಅಂಗಳಕ್ಕೆ ಬಂತು. ಬಂದಾಗಿನಿಂದ ಅದಕ್ಕೆ ಇರುವ ರೋಗ ಒಂದೇ, ಚಾರ್ಜ್ ನಿಲ್ಲುವುದಿಲ್ಲ!

ಬ್ಯಾಟರಿ ಬದಲಾಯಿಸಿದರು. ಕೆಲವು ವಾರ ಚೆನ್ನಾಗಿ ಓಡಿತು, ಆಮೇಲೆ ಡ್ಯಾಶ್‌ಬೋರ್ಡಿನ ಕೆಂಪು ದೀಪ ಕಣ್ಣು ಬಿಟ್ಟಿತು. ಡೈನಮೋ ಬಿಚ್ಚಿ ರಿಪೇರಿ ಮಾಡಿಸಿದರು. ಕೆಲವು ವಾರ ಸರಿ, ಮತ್ತೆ ಕೆಂಪು ದೀಪ. ಬೆಲ್ಟು ಬದಲಾಯಿಸಿದರು, ವೈರು ಬದಲಾಯಿಸಿದರು, ಮೆಕ್ಯಾನಿಕ್ಕನ್ನೇ ಬದಲಾಯಿಸಿದರು. ಕೀ ತಿರುಗಿಸಿದರೆ 'ಕಟಕ್' ಎಂದು ಒಂದು ಸದ್ದು, ಅಷ್ಟೇ. ಆಮೇಲೆ ಬೀದಿಯವರೆಲ್ಲ ಬಂದು ತಳ್ಳಬೇಕು. ಹೋದ ವಾರವಂತೂ ಬೀಗರನ್ನು ಹಿಂದೆ ಕೂರಿಸಿಕೊಂಡು ಬಿ.ಡಿ. ರಸ್ತೆಯಲ್ಲಿ ಹೋಗುವಾಗ ನಟ್ಟನಡುವೆ ನಿಂತುಬಿಟ್ಟಿತು. ರೇಷ್ಮೆ ಪಂಚೆ ಉಟ್ಟ ಬೀಗರು ಇಳಿದು ಕಾರು ತಳ್ಳಿದರು! ರುದ್ರಪ್ಪ ಮನೆಗೆ ಬಂದವನೇ ದಸ್ತಗೀರನಿಗೆ ಫೋನು ಮಾಡಿದ.

ಗಂಗಮ್ಮನಿಗೆ ಮಾತ್ರ ನಂದಿಯ ಮೇಲಿನ ಭಕ್ತಿ ಒಂದಿಷ್ಟೂ ಕಡಿಮೆಯಾಗಿರಲಿಲ್ಲ. ಯಾಕೆಂದರೆ ಅದರ ಮಹಿಮೆ ಅವಳಿಗೆ ಗೊತ್ತಿತ್ತು. ನಂದಿಯ ಬ್ಯಾಟರಿಯ ಮೇಲೆ ವಿಭೂತಿ ತಾನಾಗಿಯೇ ಏಳುತ್ತಿತ್ತು! ಯಾರೂ ಇಟ್ಟದ್ದಲ್ಲ, ಯಾರೂ ಬಳಿದದ್ದಲ್ಲ. ವೈರು ಕೂರುವ ಎರಡು ಗೂಟಗಳ ಸುತ್ತ ಬೆಳ್ಳಗೆ, ಹಿಟ್ಟಿನಂತೆ, ಹೂವರಳಿದಂತೆ ಏಳುತ್ತಿತ್ತು. ಪ್ರತಿ ಸೋಮವಾರ ಬೆಳಗಾಗುವ ಮೊದಲೇ ಅವಳು ಬಾನೆಟ್ ಎತ್ತಿ, ಆ ವಿಭೂತಿಯ ಮೇಲೆ ಒಂದು ಉದ್ಧರಣೆ ಹಾಲು ಬಿಟ್ಟು, ಅರಿಶಿನ ಕುಂಕುಮ ಇಟ್ಟು, ದಾರ ಸುತ್ತಿ ಕೈ ಮುಗಿಯುತ್ತಿದ್ದಳು. ಅಪ್ಪ ಮಾಡುತ್ತಿದ್ದದ್ದೂ ಹಾಗೆಯೇ. ಚಿಕ್ಕವಳಾಗಿದ್ದಾಗ ಅವಳು ಬಾಗಿಲ ಸಂದಿಯಿಂದ ನೋಡಿದ್ದಳು. ಅಪ್ಪ ಸೋಮವಾರ ನಸುಕಿನಲ್ಲಿ ಬಾನೆಟ್ ಎತ್ತಿ, ಚೊಂಬಿನಿಂದ ಅಭಿಷೇಕ ಮಾಡಿ, ಸಣ್ಣ ಡಬ್ಬಿಯಿಂದ ಗಂಧ ತೆಗೆದು ಹಚ್ಚಿ, ಕೈ ಜೋಡಿಸುತ್ತಿದ್ದ. ಅಷ್ಟು ಹೊತ್ತೂ ಮಾತೇ ಆಡುತ್ತಿರಲಿಲ್ಲ, ಮೌನವ್ರತ!

ಮೆಕ್ಯಾನಿಕ್ ಯಾರೇ ಬರಲಿ, ಗಂಗಮ್ಮ ಬಾಳೆಲೆ ಹಿಡಿದು ಪಕ್ಕದಲ್ಲೇ ನಿಲ್ಲುತ್ತಿದ್ದಳು. ಅವನು ಬ್ಯಾಟರಿ ಬಿಚ್ಚುವಾಗ ವಿಭೂತಿಯನ್ನು ಎಲೆಯಲ್ಲಿ ಎತ್ತಿಟ್ಟುಕೊಂಡು, ಹೊಸದು ಕೂರಿಸಿದ ಮೇಲೆ ಮತ್ತೆ ಅಲ್ಲೇ ಹಚ್ಚುತ್ತಿದ್ದಳು. ಒಂದು ಸಲ ಗಂಡನ ಹಣೆಗೂ ಹಚ್ಚಿದ್ದಳು. ಅವನು ಹಣೆ ಉರಿಯುತ್ತದೆಂದು ಕುಣಿದಾಡಿಬಿಟ್ಟ. "ನೋಡಿದ್ರಾ ಎಂಥಾ ಶಕ್ತಿ ಐತೆ!" ಎಂದು ಅವಳ ನಂಬಿಕೆ ಇನ್ನೂ ಗಟ್ಟಿಯಾಯಿತು.

"ಕೇಳ್ರಿಲ್ಲಿ!" ಸಿದ್ಧ ಕಾರಿನ ಮುಂದೆ ಎದೆಯುಬ್ಬಿಸಿ ನಿಂತ. "ಕರೆಂಟು ಅನ್ನೋದು ಸಾಯಲ್ಲ ಭಾವ. ನೀವು ಹಾರ್ನ್ ಹೊಡೆದ್ರಿ ಅಂತಿಟ್ಕಳ್ರಿ, ಅದು ಸದ್ದಾಗಿ ಹೋಗಿ ಎಲ್ಲೋ ಗೋಡೆಲಿ ಕೂತಿರ್ತೈತೆ. ಲೈಟ್ ಹಾಕಿದ್ರಿ, ಅದು ಬೆಳಕಾಗಿ ಹೋಗಿ ಯಾವುದೋ ಬಂಡೆ ಮೇಲೆ ಕೂತಿರ್ತೈತೆ. ನಂದಿ ಇಷ್ಟು ವರ್ಷ ಕಳ್ಕೊಂಡ ಚಾರ್ಜೆಲ್ಲ ಇಲ್ಲೇ ದುರ್ಗದ ಸುತ್ತಮುತ್ತ ಐತೆ. ನನ್ನ ಯಂತ್ರ ಅದನ್ನ ಹೆಸರು ಹಿಡಿದು ಕರೆಯುತ್ತೆ, ವಾಪಸ್ ಬಾ ಅಂತ!"

"ಬರುತ್ತೇನೋ?" ಗಂಗಮ್ಮ ಕಣ್ಣರಳಿಸಿದಳು.

"ಓಡ್ಕೊಂಡು ಬರ್ತೈತಕ್ಕ! ಹೋದ ವಾರದ್ದು ಮೊದಲು, ಹಳೇದು ಆಮೇಲೆ. ಹಿಂದ್ ಹಿಂದಕ್ಕೆ ಹೋಗ್ತಾ ಹೋಗ್ತಾ ಎಲ್ಲಾ ಬಂದು ಬ್ಯಾಟರಿ ಸೇರ್ಕೊಳ್ತೈತೆ."

"ಹೋದದ್ದೆಲ್ಲ ವಾಪಸ್ ಬರೋ ಹಾಗಿದ್ರೆ ನಾನು ನಿನಗೆ ಕೊಟ್ಟ ಸ್ಕ್ರೂಡ್ರೈವರ್‌ಗಳನ್ನ ಮೊದಲು ಕರಿ," ಎಂದ ರುದ್ರಪ್ಪ.

ಸಿದ್ಧ ಸ್ವಿಚ್ ಒತ್ತಿದ. ಇಡ್ಲಿ ಪಾತ್ರೆ ಗುಡುಗಿತು. ಕೊಡೆ ಗಿರ್ರನೆ ತಿರುಗಿತು. ಗಡಿಯಾರದ ಮುಳ್ಳು ಹಿಂದಕ್ಕೆ ಚಲಿಸತೊಡಗಿತು. ಆಮೇಲೆ ಏನೂ ಆಗಲಿಲ್ಲ.

"ಆಯ್ತಾ?" ರುದ್ರಪ್ಪ ಕೇಳಿದ.

"ತಡೀರಿ ಭಾವ, ದಾರಿಲಿ ಐತೆ."

ಟಿಕ್. ಟಿಕ್. ಟಿಕ್. ನಂದಿಯ ಎಡಗಡೆಯ ಇಂಡಿಕೇಟರ್ ಮಿನುಗಿತು. ಕೀ ಗಂಗಮ್ಮನ ಸೊಂಟದಲ್ಲಿತ್ತು! ಆಮೇಲೆ ವೈಪರ್ ಎದ್ದು ಒಣ ಗಾಜಿನ ಮೇಲೆ ಕಿರ್ರೋ ಎಂದು ಎರಡು ಸಲ ಆಚೀಚೆ ಹೋಗಿ ಮಲಗಿತು. ಮರುಕ್ಷಣವೇ ಹಾರ್ನ್ ಕೂಗಿತು ನೋಡಿ! ಅದು ಒಂದು ಹಾರ್ನ್ ಅಲ್ಲ. ಬಿ.ಡಿ. ರಸ್ತೆಯ ಟ್ರಾಫಿಕ್ಕಿನಲ್ಲಿ ರುದ್ರಪ್ಪ ಸಿಟ್ಟಿನಿಂದ ಹೊಡೆದದ್ದು, ತಿರುವಿನಲ್ಲಿ ಎಮ್ಮೆಗೆ ಹೊಡೆದದ್ದು, ಹೋದ ವರ್ಷ ಮಗಳ ಮನೆ ಮುಂದೆ ಖುಷಿಯಿಂದ ಹೊಡೆದದ್ದು, ಎಲ್ಲ ಒಂದರ ಹಿಂದೊಂದು ಬಂದವು.

"ಬಂತು! ಬಂತು! ವಾಪಸ್ ಬಂತು!" ಸಿದ್ಧ ಕುಣಿದ.

ಗಂಗಮ್ಮ ಬೆರಗಾಗಿ ನಿಂತಳು. ಒಂದೊಂದು ಹಾರ್ನಿನ ಗುರುತೂ ಅವಳಿಗೆ ಹತ್ತುತ್ತಿತ್ತು! ಇದು ಕೊನೇ ಸಲ ಹೊಳಲ್ಕೆರೆಗೆ ಹೋದಾಗಿನದು, ಇದು ಪಕ್ಕದ ಮನೆ ಪಂಕಜಮ್ಮನ ಕೋಳಿ ಅಡ್ಡ ಬಂದಾಗಿನದು. ಪಂಕಜಮ್ಮ ಕಾಂಪೌಂಡಿನ ಮೇಲಿನಿಂದ ತಲೆ ಹಾಕಿ, "ಏನ್ರೀ ಇದು, ಮನುಷ್ಯರು ಇರಬೇಕೋ ಬೇಡ್ವೋ!" ಎಂದು ಕೂಗಿದಳು. ಆ ಕೂಗನ್ನು ಮುಳುಗಿಸಿ ಮತ್ತೊಂದು ಹಾರ್ನ್ ಬಂತು. ಎರಡು ಗಿಡ್ಡ, ಒಂದು ಉದ್ದ. ಪೀಂ ಪೀಂ ಪೀಂಽಽಽ!

ರುದ್ರಪ್ಪನ ಮುಖ ಬಿಳುಚಿಕೊಂಡಿತು. "ಸಿದ್ಧ, ನಿಲ್ಸು! ಇದೊಂದು ನಿಲ್ಸು!"

"ಯಾಕ್ರೀ?" ಗಂಗಮ್ಮ ಅನುಮಾನದಿಂದ ತಿರುಗಿದಳು. ಅದೇ ಹಾರ್ನ್ ಮತ್ತೆ ಬಂತು, ಮತ್ತೆ ಬಂತು, ಮುಗಿಯುವಂತೆಯೇ ಕಾಣಲಿಲ್ಲ. ಅಷ್ಟರಲ್ಲಿ ಬೀದಿಯ ತುದಿಯಿಂದ ಮಿರ್ಚಿ ಪಾಪಣ್ಣ ಎಣ್ಣೆ ಸುರಿಯುವ ಪೊಟ್ಟಣ ಎತ್ತಿ ಹಿಡಿದು ಏದುಸಿರು ಬಿಡುತ್ತ ಓಡಿಬಂದ.

"ಬಂದೆ ಸಾರ್, ಬಂದೆ! ಎರಡು ಪ್ಲೇಟ್ ಮಿರ್ಚಿ, ಮಂಡಕ್ಕಿ ಖಾರ ಜಾಸ್ತಿ! ಏನ್ ಸಾರ್ ಇವತ್ತು ಮನೆಗೇ ಕರೆದ್ರಿ? ದಿನಾ ಮೂಲೇಲಿ ನಿಲ್ಸಿ, ಯಾರಿಗೂ ಹೇಳಬೇಡ ಅಂತಿದ್ರಿ!"

"ದಿನಾ!" ಎಂದಳು ಗಂಗಮ್ಮ. "ಡಾಕ್ಟ್ರು ಎಣ್ಣೆ ಮುಟ್ಟಬಾರದು ಅಂದಿದ್ದಾರೆ ಅಂತ ನಾನು ಮನೇಲಿ ಒಗ್ಗರಣೆ ಕೂಡ ಇಲ್ದೆ ಸಾರು ಮಾಡ್ತೀನಿ! ನೀವು ದಿನಾ!"

"ಅದು... ಬ್ಯಾಟರಿ ಚಾರ್ಜ್ ಆಗ್ಲಿ ಅಂತ ಒಂದು ರೌಂಡ್ ಹೋಗ್ತಿದ್ದೆ ಕಣೇ," ಎಂದ ರುದ್ರಪ್ಪ. ಸಿಕ್ಕಿಬಿದ್ದ ಸಿಟ್ಟನ್ನೆಲ್ಲ ಭಾಮೈದನ ಮೇಲೆ ತಿರುಗಿಸಿದ. "ಲೇ! ಎಲ್ಲೋ ನಿನ್ನ ಚಾರ್ಜು? ಬರೀ ಚಾಡಿ ಹೇಳ್ತೈತೆ ಇದು! ಬ್ಯಾಟರಿ ತುಂಬ್ತಾ ಐತಾ ನೋಡು ಮೊದಲು!"

ಸಿದ್ಧ ಮೀಟರ್ ಇಟ್ಟು ನೋಡಿದ. ಅವನ ಮುಖ ಜೋತುಬಿತ್ತು. ಬ್ಯಾಟರಿ ಬೆಳಿಗ್ಗೆ ಎಷ್ಟು ಬರಿದಾಗಿತ್ತೋ ಅಷ್ಟೇ ಬರಿದಾಗಿತ್ತು.

"ಬರೋದೇನೋ ಬರ್ತಾ ಐತೆ ಭಾವ," ಎಂದ ತಲೆ ಕೆರೆದುಕೊಂಡು. "ಬಾಗಿಲ ತನಕ ಬಂದು, ಒಳಗೆ ಹೋಗೋಕೆ ದಾರಿ ಇಲ್ದೆ, ಹೆಂಗೆ ಹೋಗಿತ್ತೋ ಹಂಗೇ ಹೊರಗೆ ಚೆಲ್ತಾ ಐತೆ. ಹಾರ್ನ್ ಆಗಿ ಹೋದದ್ದು ಹಾರ್ನ್ ಆಗಿಯೇ ಚೆಲ್ತೈತೆ. ಯಾಕೆ ಒಳಗೆ ಸೇರ್ತಿಲ್ಲ ಅನ್ನೋದೇ ತಿಳೀವಲ್ದು."

"ಆಫ್ ಮಾಡು ಹಂಗಾದ್ರೆ."

"ಆಗಲ್ಲ. ಕರೆದದ್ದು ಪೂರ್ತಿ ಬಂದು ಮುಗಿಯೋ ತನಕ ಸ್ವಿಚ್ಚು ಕೇಳಲ್ಲ."

ಹೀಗಾಗಿ ಗಾಡಿಖಾನೆ ಬೀದಿ ಆ ದಿನವಿಡೀ ಹಾರ್ನ್ ಕೇಳಿತು. ಮಧ್ಯಾಹ್ನದ ಹೊತ್ತಿಗೆ ರೇಡಿಯೊ ಶುರುವಾಯಿತು. ಎಂದೋ ಮುಗಿದ ಕ್ರಿಕೆಟ್ ಪಂದ್ಯದ ಕಾಮೆಂಟರಿ, ಎಂದೋ ಬಂದುಹೋದ ಮಳೆಯ ಮುನ್ಸೂಚನೆ, ಆಗಿನ ಈರುಳ್ಳಿ ಧಾರಣೆ, ಎಲ್ಲ ಬಂತು. ಎದುರು ಮನೆಯ ಮುದುಕರೊಬ್ಬರು ಕುರ್ಚಿ ತಂದು ಹಾಕಿಕೊಂಡು ಕೂತು, ಆ ಪಂದ್ಯ ಗೆಲ್ಲುತ್ತೇವೋ ಇಲ್ಲವೋ ಎಂದು ಉಗುರು ಕಚ್ಚಿದರು. ಪಂಕಜಮ್ಮ ಬೈಯುವುದನ್ನು ಬಿಟ್ಟು ಮೊರ ತಂದು ಅಕ್ಕಿ ಆರಿಸುತ್ತ ಕೂತಳು. ಪಾಪಣ್ಣ ಮಿರ್ಚಿ ಗಾಡಿಯನ್ನೇ ಗೇಟಿನ ಹತ್ತಿರ ತಂದು ನಿಲ್ಲಿಸಿಕೊಂಡ. ರುದ್ರಪ್ಪ ಅದರ ವಾಸನೆ ಹೀರುತ್ತ, ಹೆಂಡತಿಯ ಕಣ್ಣು ತಪ್ಪಿಸುತ್ತ, ಜಗಲಿಯ ಮೇಲೆ ತಲೆ ಬಾಚಿಕೊಳ್ಳುತ್ತ ಕೂತಿದ್ದ. ಗಂಗಮ್ಮ ಮಾತ್ರ ನಂದಿಯ ಬಾಗಿಲಿಗೆ ಒರಗಿ ನಿಂತೇ ಇದ್ದಳು. 'ಇನ್ನು ಸ್ವಲ್ಪ ಹೊತ್ತು, ಸ್ಟಾರ್ಟ್ ಆಗಿಬಿಡಪ್ಪ' ಎಂದು ಮನಸ್ಸಿನಲ್ಲೇ ಬೇಡಿಕೊಳ್ಳುತ್ತಿದ್ದಳು.

ಹೊತ್ತು ಮುಳುಗಿತು. ಬೀದಿಯ ತಿರುವಿನಲ್ಲಿ ದಸ್ತಗೀರನ ಲಾರಿ ಗಡಗಡ ಎನ್ನುತ್ತ ಬಂದು ನಿಂತಿತು. ದಸ್ತಗೀರ್ ಇಳಿದು, ಹಗ್ಗ ಹೆಗಲಿಗೆ ಹಾಕಿಕೊಂಡು ಗೇಟು ತೆರೆದ. "ಸಲಾಂ ಸಾವ್ಕಾರ್ರೆ. ಇದೇನಾ ಗಾಡಿ? ಏನು ಅಮ್ಮಾರೆ, ಅಳ್ತಾ ಇದ್ದೀರಾ?"

"ಇಲ್ಲಪ್ಪ," ಎಂದಳು ಗಂಗಮ್ಮ, ಅಳುತ್ತಲೇ.

"ಕಟ್ಟಪ್ಪ ಹಗ್ಗ," ಎಂದ ರುದ್ರಪ್ಪ. ಅವನ ದನಿಯೂ ಅಷ್ಟೇನೂ ಗಟ್ಟಿಯಾಗಿರಲಿಲ್ಲ.

ದಸ್ತಗೀರ್ ಹಗ್ಗ ಹಿಡಿದು ಬಗ್ಗಿದ. ಆಗ ನಂದಿಯ ದೀಪಗಳು ಹತ್ತಿಕೊಂಡವು.

ಬೆಳಗಿನಿಂದ ಅವು ಹತ್ತುತ್ತಲೇ ಇದ್ದವೋ ಏನೋ, ಬಿಸಿಲಿನಲ್ಲಿ ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಈಗ ಮಬ್ಬುಗತ್ತಲೆಯಲ್ಲಿ ಎದುರಿನ ಸುಣ್ಣದ ಗೋಡೆಯ ಮೇಲೆ ಆ ಬೆಳಕು ಬಿತ್ತು. ಅದು ಬರಿಯ ಬೆಳಕಾಗಿರಲಿಲ್ಲ. ಹೋಗಿ ಯಾವುದರ ಮೇಲೆ ಬಿದ್ದಿತ್ತೋ ಅದನ್ನೆಲ್ಲ ಹೊತ್ತು ತಂದಿತ್ತು! ಗೋಡೆಯ ಮೇಲೆ ರಸ್ತೆ ಓಡಿತು. ಹುಣಸೆಮರಗಳ ಬುಡಕ್ಕೆ ಬಳಿದ ಸುಣ್ಣ ಕಾಣಿಸಿತು, ಮೈಲಿಗಲ್ಲು ಕಾಣಿಸಿತು, ರಸ್ತೆ ನಡುವೆ ತಬ್ಬಿಬ್ಬಾಗಿ ನಿಂತ ಮೊಲದ ಎರಡು ಕಣ್ಣು ಕಾಣಿಸಿತು. ದುರ್ಗದ ಕೋಟೆಯ ಬಂಡೆಗಳು ಒಂದೊಂದಾಗಿ ಎದ್ದುಬಂದು ಸರಿದುಹೋದವು. ಪಾಪಣ್ಣನ ಬಾಣಲೆಯಲ್ಲಿ ಮಿರ್ಚಿ ಸೀದುಹೋಗುತ್ತಿತ್ತು, ಅವನಿಗೆ ಎಚ್ಚರವಿರಲಿಲ್ಲ. ದಸ್ತಗೀರ್ ಬಗ್ಗಿದವನು ಬಗ್ಗಿಯೇ ಇದ್ದ.

"ಯಾ ಅಲ್ಲಾ," ಎಂದ ಮೆಲ್ಲಗೆ.

ಆಸ್ಪತ್ರೆಯ ಗೇಟು ಕಾಣಿಸಿತು. ಅದರ ಮುಂದೆ ಎಳೆಯ ರುದ್ರಪ್ಪ, ಅಂಗಿಯನ್ನು ತಿರುವುಮುರುವು ಹಾಕಿಕೊಂಡು, ಒಂದು ಕಾಲಿಗೆ ಮಾತ್ರ ಚಪ್ಪಲಿ ಮೆಟ್ಟಿ, ಗೇಟನ್ನು ತಳ್ಳಬೇಕೋ ಎಳೆಯಬೇಕೋ ತಿಳಿಯದೆ ಅಲುಗಾಡಿಸುತ್ತಿದ್ದ.

"ಮಗಳು ಹುಟ್ಟಿದ ರಾತ್ರಿ," ಎಂದಳು ಗಂಗಮ್ಮ. "ಅಪ್ಪ ಗಾಡಿ ಓಡಿಸ್ತಿದ್ರು. ನಾನು ಹಿಂದೆ ಮಲಗಿದ್ದೆ. ನೀವು ಹಿಂಗಿದ್ರಾ?"

ರುದ್ರಪ್ಪನ ಬಾಚಣಿಗೆ ಕೈಯಲ್ಲೇ ಉಳಿದಿತ್ತು. ಅವನು ದಸ್ತಗೀರನ ಹೆಗಲು ಮುಟ್ಟಿ, "ಒಂದ್ ನಿಮಿಷ ತಡಿಯಪ್ಪ," ಎಂದ.

ಮುಳ್ಳು ಇನ್ನೂ ಹಿಂದಕ್ಕೆ ಹೋಯಿತು. ಹೆಡ್‌ಲೈಟುಗಳು ಆರಿದವು. ನಂದಿಯ ಬಾನೆಟ್ಟಿನ ಒಳಗೆ ಒಂದು ಸಣ್ಣ ಬಲ್ಬಿತ್ತು, ಬಾನೆಟ್ ಎತ್ತಿದರೆ ಹತ್ತುವಂಥದ್ದು. ಸುಟ್ಟುಹೋಗಿ ಯಾವ ಕಾಲವಾಗಿತ್ತೋ! ಈಗ ಅದು ಹತ್ತಿಕೊಂಡಿತು, ಗೋಡೆಯ ಮೇಲೆ ಹಳದಿ ಬೆಳಕು ಹರಡಿತು, ಆ ಬೆಳಕಿನಲ್ಲಿ ಒಬ್ಬ ಮನುಷ್ಯ ಈಚೆಗೆ ಬಗ್ಗಿದ.

"ಅಪ್ಪಾ!" ಎಂದರು ಅಕ್ಕ ತಮ್ಮ ಇಬ್ಬರೂ ಒಟ್ಟಿಗೆ.

ವೀರಭದ್ರಪ್ಪನೇ. ಅದೇ ಕಾಂಪೌಂಡರ್ ಕೋಟು, ಅದೇ ಹುರಿಮೀಸೆ, ತಲೆಗೆ ಮಫ್ಲರು. ಗೋಡೆಯಷ್ಟು ದೊಡ್ಡವನಾಗಿ ಬೀದಿಯನ್ನೆಲ್ಲ ನೋಡುತ್ತಿದ್ದಾನೋ ಎಂಬಂತೆ ಕಂಡ. ಗಂಗಮ್ಮ ತನಗೆ ತಿಳಿಯದೆಯೇ ಸೆರಗು ಹೊದ್ದು ಕೈ ಜೋಡಿಸಿದಳು. ಪಂಕಜಮ್ಮನೂ ಮೊರ ಕೆಳಗಿಟ್ಟು ಎದ್ದು ನಿಂತಳು.

"ಸೋಮವಾರದ ಪೂಜೆ ಕಣೋ," ಗಂಗಮ್ಮ ತಮ್ಮನ ಕೈ ಹಿಡಿದು ಪಿಸುಗುಟ್ಟಿದಳು. "ನೀನು ನೋಡಿಲ್ಲ, ನಿದ್ದೆ ಮಾಡ್ತಿದ್ದೆ. ನೋಡೀಗ, ಅಭಿಷೇಕ."

ಅಪ್ಪ ಚೊಂಬು ಎತ್ತಿದ. ಅದರಿಂದ ಹಬೆ ಏಳುತ್ತಿತ್ತು.

"ಅಕ್ಕ, ಅದು ಬಿಸಿನೀರು," ಎಂದ ಸಿದ್ಧ.

"ಬಿಸಿನೀರಿನ ಅಭಿಷೇಕ ಇರಬಾರದೇನೋ?"

ಅಪ್ಪ ಕುದಿನೀರನ್ನು ಬ್ಯಾಟರಿಯ ಗೂಟಗಳ ಮೇಲೆ ಸುರಿದ. ಬೆಳ್ಳಗೆ ಎದ್ದಿದ್ದ ವಿಭೂತಿ ಬುಸ್ ಎಂದು ಕರಗಿ ಹರಿದುಹೋಯಿತು. ಆಮೇಲೆ ಕೋಟಿನ ಜೇಬಿನಿಂದ ಹಳೆಯ ಹಲ್ಲುಜ್ಜುವ ಬ್ರಷ್ಷು ತೆಗೆದ. ತೆಗೆದು, ಉಳಿದ ವಿಭೂತಿಯನ್ನು ಗಸಗಸ ಉಜ್ಜಿ ಉಜ್ಜಿ ತೆಗೆದುಬಿಟ್ಟ! ಬ್ಯಾಟರಿಯ ಗೂಟ ಬೆಳ್ಳಿಯಂತೆ ಹೊಳೆಯಿತು. ಗಂಗಮ್ಮನ ಜೋಡಿಸಿದ ಕೈ ಮೆಲ್ಲಗೆ ಕೆಳಗಿಳಿಯಿತು. ಅಪ್ಪ ಸಣ್ಣ ಡಬ್ಬಿ ತೆರೆದು ಬೆರಳಿನಿಂದ ಏನೋ ತೆಗೆದು ಹಚ್ಚಿದ.

"ಗಂಧ," ಎಂದಳು ಗಂಗಮ್ಮ, ಕ್ಷೀಣವಾಗಿ.

"ವ್ಯಾಸಲೀನ್," ಎಂದ ಸಿದ್ಧ. "ಆಸ್ಪತ್ರೆ ಡಬ್ಬಿ. ಮತ್ತೆ ಕಿಲುಬು ಬರದಿರ್ಲಿ ಅಂತ."

"ಮೌನವ್ರತ?"

ಅಪ್ಪ ತುಟಿಗಳ ನಡುವೆ ಕಚ್ಚಿ ಹಿಡಿದಿದ್ದ ನಟ್ಟನ್ನು ಹೊರತೆಗೆದು ವೈರಿನ ಮೇಲೆ ಕೂರಿಸಿ ಬಿಗಿದ. ಕೊನೆಗೆ ಎರಡು ಅಂಗೈಗಳನ್ನೂ ಜೋಡಿಸಿ ಪಟಪಟ ಉಜ್ಜಿಕೊಂಡ, ಜಿಡ್ಡು ಹೋಗಲೆಂದು. ತೃಪ್ತಿಯಿಂದ ಒಮ್ಮೆ ನಕ್ಕ. ಬಾನೆಟ್ ಇಳಿಸಿದ. ಬೆಳಕು ಆರಿತು.

ಗಂಗಮ್ಮ ನಂದಿಯ ಬಾನೆಟ್ ಎತ್ತಿ, ತನ್ನ ಕೈಯಾರೆ ಬೆಳೆಸಿದ್ದ ವಿಭೂತಿ, ಹಾಲಿನ ಕಲೆ, ಅರಿಶಿನ ಕುಂಕುಮದ ಹಕ್ಕಳೆ, ದಾರದ ಉಂಡೆ ಎಲ್ಲವನ್ನೂ ನೋಡಿದಳು. ಚಾರ್ಜಿಗೆ ಒಳಗೆ ಹೋಗಲು ಯಾಕೆ ದಾರಿಯಿರಲಿಲ್ಲ ಎಂದು ಈಗ ಯಾರೂ ಹೇಳಬೇಕಾಗಿರಲಿಲ್ಲ.

"ನಾನೇ," ಎಂದಳು. "ಇಷ್ಟು ವರ್ಷ ನಾನೇ ಇದರ ಉಸಿರು ಕಟ್ಟಿಸಿದ್ದೀನಿ. ಉಳೀಲಿ ಉಳೀಲಿ ಅಂತ ಪೂಜೆ ಮಾಡಿ ಮಾಡಿ ನಾನೇ ಕೊಂದಿದ್ದೀನಲ್ರೀ!" ದುಃಖ ಉಮ್ಮಳಿಸಿ ಬಂತು, ಹಾಗೇ ನಗುವೂ ಬಂತು. ಎರಡನ್ನೂ ತಡೆಯಲಾರದೆ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

ರುದ್ರಪ್ಪ ಅವಳನ್ನು ಬೈಯಬಹುದಿತ್ತು. ಬ್ಯಾಟರಿಗಳ ಮಾತೆತ್ತಬಹುದಿತ್ತು, ಬೀಗರ ರೇಷ್ಮೆ ಪಂಚೆಯ ಮಾತೆತ್ತಬಹುದಿತ್ತು, ತನ್ನ ಸುಟ್ಟ ಹಣೆಯ ಮಾತೆತ್ತಬಹುದಿತ್ತು. ಏನೂ ಅನ್ನದೆ ಒಳಗೆ ಹೋಗಿ ಚೊಂಬಿನ ತುಂಬ ಕುದಿಯುವ ನೀರು ತಂದು ಅವಳ ಕೈಗೆ ಕೊಟ್ಟ.

"ತಗೋ. ಸರಿಯಾದ ಅಭಿಷೇಕ ಒಂದು ಸಲ ಮಾಡಿಬಿಡು."

ಗಂಗಮ್ಮ ಸುರಿದಳು. ವಿಭೂತಿ ನೊರೆನೊರೆಯಾಗಿ ಹರಿದು ನೆಲ ಸೇರಿತು. ಸಿದ್ಧ ತನ್ನ ಬ್ರಷ್ಷನ್ನೇ ತಂದು ಉಜ್ಜಿದ. ಕೊನೆಯ ಚೂರು ಕಳಚಿ ವೈರು ಬಿಗಿಯಾಗಿ ಕೂತದ್ದೇ ತಡ, ಬೆಳಗಿನಿಂದ ಬಾಗಿಲಲ್ಲಿ ಕಾದು ನಿಂತಿದ್ದ ಚಾರ್ಜೆಲ್ಲ ಒಮ್ಮೆಗೇ 'ಜೂಂ' ಎಂದು ಒಳಗೆ ನುಗ್ಗಿತು! ನಂದಿ ಮೈ ಕೊಡವಿಕೊಂಡಿತು. ಗಂಗಮ್ಮನ ಜಡೆ ಬಾಲದಂತೆ ನೆಟ್ಟಗೆ ನಿಂತಿತು. ರುದ್ರಪ್ಪನ ಅಷ್ಟೂ ಕೂದಲು ಮುಳ್ಳುಹಂದಿಯಂತೆ ಎದ್ದಿತು.

"ತುಂಬ್ತಾ ಐತೆ! ತುಂಬ್ತಾ ಐತೆ!" ಸಿದ್ಧ ಮೀಟರ್ ನೋಡುತ್ತ ಕಿರುಚಿದ. ಆಮೇಲೆ ಅವನ ದನಿ ಬದಲಾಯಿತು. "ಭಾವ, ಹಳೇದೆಲ್ಲ ಮುಗೀತು. ಆದ್ರೂ ಯಂತ್ರ ಕರೀತಾನೇ ಐತೆ."

"ಇನ್ನೇನನ್ನೋ ಕರಿಯುತ್ತೆ, ಮುಗಿದ ಮೇಲೆ?"

ಗಡಿಯಾರದ ಮುಳ್ಳು ಸುತ್ತು ಮುಗಿಸಿ, ಗಡಿಯಾರದಲ್ಲಿ ಇಲ್ಲದ ಕಡೆಗೆ ಬಾಗುತ್ತಿತ್ತು. "ಕಳ್ಕೊಂಡಿದ್ದು ಮುಗೀತು," ಎಂದ ಸಿದ್ಧ. "ಇನ್ನು ಮುಂದೆ ಕಳ್ಕೊಳ್ಳೋದನ್ನ ಕರೀತಾ ಐತೆ ಅಂತ ಕಾಣ್ತೈತೆ."

ಹೆಡ್‌ಲೈಟುಗಳು ಮತ್ತೆ ಹತ್ತಿದವು. ಗೋಡೆಯ ಮೇಲೆ ಇದೇ ಬೀದಿ, ಇದೇ ಅಂಗಳ. ಆದರೆ ಪಂಕಜಮ್ಮನ ಹೆಂಚಿನ ಮನೆಯಿದ್ದ ಕಡೆ ಮೂರಂತಸ್ತಿನ ಮನೆಯೊಂದು ನಿಂತಿತ್ತು. ಪಂಕಜಮ್ಮ ಎದೆ ಹಿಡಿದುಕೊಂಡು, "ಅಯ್ಯೋ ನಮ್ಮಪ್ಪ, ಕಟ್ತೀವಿ ಹಂಗಾದ್ರೆ!" ಎಂದಳು. ಈಗ ನೀಲಿಯಿರುವ ಗೇಟು ಅಲ್ಲಿ ಹಸಿರಾಗಿತ್ತು. ಆ ಗೇಟಿಗೆ ಒರಗಿ ನರೆತ ಗಡ್ಡದ ದಸ್ತಗೀರ್ ನಂದಿಯತ್ತ ನೋಡುತ್ತ, 'ಇನ್ನೂ ಐತಾ ಇದು' ಎಂಬಂತೆ ತಲೆಯಾಡಿಸುತ್ತ ನಗುತ್ತಿದ್ದ. ನಡುವೆ, ದೀಪದ ಬೆಳಕಿಗೆ ಕಣ್ಣು ಕಿರಿದು ಮಾಡಿಕೊಂಡು, ಒಂದು ಕೈಯಲ್ಲಿ ಹಬೆಯಾಡುವ ಚೊಂಬು, ಇನ್ನೊಂದರಲ್ಲಿ ಹಲ್ಲುಜ್ಜುವ ಬ್ರಷ್ಷು ಹಿಡಿದು, ಒಬ್ಬ ಮುದುಕ ನಿಂತಿದ್ದ. ಅವನ ತಲೆ ಪೂರಾ ಬೋಳಾಗಿ, ಹೆಡ್‌ಲೈಟಿಗೆ ಪಳಪಳ ಹೊಳೆಯುತ್ತಿತ್ತು.

ಗಂಗಮ್ಮ ಗೋಡೆಯನ್ನೂ ಗಂಡನನ್ನೂ ಸರದಿಯಂತೆ ನೋಡಿದಳು. ಇನ್ನೂ ಬಾರದ ದಿನವೊಂದು ಅವಳ ಮುಂದೆ ನಿಂತಿತ್ತು, ಅದರಲ್ಲಿ ಅವಳ ನಂದಿ ಇತ್ತು!

ಆಗ ಢಮಾರ್ ಎಂದಿತು ಯಂತ್ರ. ಕೊಡೆ ಪಂಕಜಮ್ಮನ ಹೆಂಚಿನ ಮೇಲೆ ಹೋಗಿ ಕೂತಿತು. ಇಡ್ಲಿ ತಟ್ಟೆಗಳು ನಾಲ್ಕು ದಿಕ್ಕಿಗೆ ಹಾರಿದವು, ಒಂದು ಪಾಪಣ್ಣನ ಬಾಣಲೆಗೇ ಬಿತ್ತು. ಗೋಡೆ ಬರಿಯ ಸುಣ್ಣದ ಗೋಡೆಯಾಯಿತು.

ಗಂಗಮ್ಮ ಸೊಂಟದಿಂದ ಕೀ ತೆಗೆದು, ಬಾಗಿಲು ತೆರೆದು ಕೂತು, ಕಣ್ಣು ಮುಚ್ಚಿ ತಿರುಗಿಸಿದಳು. 'ಕಟಕ್' ಎನ್ನಲಿಲ್ಲ. ನಂದಿ ಒಂದೇ ಸಲಕ್ಕೆ ಗುಡುಗುಡು ಎಂದು ಎದ್ದಿತು! ಕೆಂಪು ದೀಪ ಒಮ್ಮೆ ಮಿನುಗಿ ಆರಿತು. ಇನ್ನೆಂದೂ ಹತ್ತದ ಹಾಗೆ ಆರಿತು. ಬೀದಿಗೆ ಬೀದಿಯೇ ಚಪ್ಪಾಳೆ ತಟ್ಟಿತು. ಗಂಗಮ್ಮ ಸ್ಟೀರಿಂಗಿಗೆ ಹಣೆ ಹಚ್ಚಿ ಮನಸಾರೆ ಅತ್ತಳು.

ದಸ್ತಗೀರ್ ಹಗ್ಗ ಸುತ್ತಿಕೊಂಡ. "ಬಿಡ್ರಿ ಸಾವ್ಕಾರ್ರೆ. ಗಡ್ಡ ಬೆಳ್ಳಗಾದ್ರೂ ಈ ಗಾಡಿ ನನಗೆ ಸಿಗಲ್ಲ ಅಂತ ಕಣ್ಣಾರೆ ನೋಡಿದ್ನಲ್ಲ. ಬಂದಿದ್ದಕ್ಕೆ ಈ ಸುಟ್ಟ ಪಾತ್ರೇನಾದ್ರೂ ಕೊಡ್ರಿ." ಸಿದ್ಧ ಬೇಡ ಬೇಡ ಎನ್ನುವುದರೊಳಗೆ ಗಂಗಮ್ಮ ತಲೆಯಾಡಿಸಿದಳು, ದಸ್ತಗೀರ್ ಯಂತ್ರವನ್ನು ಎತ್ತಿ ಲಾರಿಗೆ ಒಗೆದ, ಲಾರಿ ತಿರುವು ದಾಟಿ ಹೋಯಿತು.

ರುದ್ರಪ್ಪ ಮಾತ್ರ ಆ ಖಾಲಿ ಗೋಡೆಯನ್ನೇ ನೋಡುತ್ತ ನಿಂತಿದ್ದ. ಬಹಳ ಹೊತ್ತಾದ ಮೇಲೆ ತಲೆಯ ಮೇಲೆ ಮೆಲ್ಲಗೆ ಕೈಯಾಡಿಸಿ, ಕೈಗೆ ಬಂದದ್ದನ್ನು ಬೀದಿ ದೀಪದ ಬೆಳಕಿನಲ್ಲಿ ಹಿಡಿದು ನೋಡಿ, ಭಾಮೈದನ ಹತ್ತಿರ ಬಂದು ಯಾರಿಗೂ ಕೇಳದ ಹಾಗೆ ಕೇಳಿದ:

"ಸಿದ್ಧ, ಹೋದದ್ದನ್ನೆಲ್ಲ ವಾಪಸ್ ಕರೆಯುತ್ತೆ ಅಂದ್ಯಲ್ಲ ಆ ಯಂತ್ರ... ದಸ್ತಗೀರನ ಲಾರಿ ಈಗ ಎಷ್ಟು ದೂರ ಹೋಗಿರಬಹುದು?"